ಆಫೀಸಿಗೆ ಹಳೇ ಮೌಂಟನ್ ಬೈಕ್: ನೋಡಿ ಕೊಳ್ಳುವುದು ಹೇಗೆ, ಸಜ್ಜು ಮಾಡುವುದು ಹೇಗೆ

ಆಫೀಸಿಗೆ ಸೈಕಲ್ಲಿನಲ್ಲಿ ಹೋಗಿಬರಬೇಕು, ಯಾವುದು ಕೊಳ್ಳಲಿ ಅಂತ ಇಲ್ಲಿ ಕ್ಯಾಲಿಫೋರ್ನಿಯಾದ ಬೇ ಏರಿಯಾದ ಕನ್ನಡದ ಗೆಳೆಯರು ಕೇಳಿದಾಗ ನಾನು ಹೇಳುವುದು ಒಂದೇ. 1985ರಿಂದ 1995ರ ನಡುವೆ ತಯಾರಾದ, ಉಕ್ಕಿನ ಫ್ರೇಮಿನ, ಮುಂದೆ ಸಸ್ಪೆನ್ಷನ್ ಇಲ್ಲದ ಮೌಂಟನ್ ಬೈಕ್ ಹುಡುಕಿ. ಅಂಥವು ಇನ್ನೂ ಎಷ್ಟೋ ಗ್ಯಾರೇಜುಗಳಲ್ಲಿ ಧೂಳು ತಿನ್ನುತ್ತಾ ಕೂತಿವೆ. ಹೊಸ ಸೈಕಲ್ಲಿಗೆ ಕೊಡುವ ದುಡ್ಡಿನ ಒಂದು ಪಾಲಿನಲ್ಲಿ ಸಿಗುತ್ತವೆ.

ಹಾಗಂತ ಕಣ್ಣಿಗೆ ಬಿದ್ದದ್ದನ್ನು ತಂದುಬಿಡಬಾರದು. ಹಳೇ ಸೈಕಲ್ಲಿನಲ್ಲಿ ಸುಲಭವಾಗಿ ಬದಲಾಯಿಸುವ ಭಾಗಗಳಿವೆ, ಬದಲಾಯಿಸಲು ಆಗದ ಭಾಗಗಳೂ ಇವೆ. ಕೊಳ್ಳುವಾಗ ಬದಲಾಯಿಸಲು ಆಗದ್ದನ್ನು ನೋಡಬೇಕು. ದುಡ್ಡು ಹಾಕುವಾಗ ಬದಲಾಯಿಸಬಹುದಾದ್ದಕ್ಕೆ ಹಾಕಬೇಕು. ಜನ ಮಾಡುವುದು ಉಲ್ಟಾ. ಹೊಳೆಯುವ ಗೇರು, ಹೊಸ ಸೀಟು ನೋಡಿ ಒಪ್ಪಿಬಿಡುತ್ತಾರೆ. ಫ್ರೇಮು ತಮ್ಮ ಅಳತೆಗೆ ಆಗುತ್ತದಾ ಅಂತ ನೋಡುವುದೇ ಇಲ್ಲ.

ಗುಡ್ಡದ ಸೈಕಲ್ಲು ಪೇಟೆಗೆ ಯಾಕೆ ಒಗ್ಗುತ್ತದೆ

ಗೋಲ್ಡನ್ ಗೇಟ್ ಸೇತುವೆ ದಾಟಿದರೆ ಮರಿನ್ ಕೌಂಟಿ. ಈ ಸೈಕಲ್ಲುಗಳ ತವರು ಅದೇ. 1970ರ ದಶಕದಲ್ಲಿ ಅಲ್ಲಿನ ಹುಡುಗರು ದಪ್ಪ ಟೈರಿನ ಶ್ವಿನ್ ಕಂಪನಿಯ ಹಳೇ ಸೈಕಲ್ಲುಗಳನ್ನು ಮೌಂಟ್ ಟ್ಯಾಮಲ್‌ಪೈಸ್ ಸುತ್ತಲಿನ ಮಣ್ಣುದಾರಿಗಳಲ್ಲಿ ಓಡಿಸುತ್ತಿದ್ದರು. 1976ರಲ್ಲಿ ಫೇರ್‌ಫ್ಯಾಕ್ಸ್ ಹತ್ತಿರದ ರೀಪ್ಯಾಕ್ ಇಳಿಜಾರಿನಲ್ಲಿ ರೇಸು ಶುರುವಾಯಿತು. ಕೆಳಗೆ ತಲುಪುವಷ್ಟರಲ್ಲಿ ಹಿಂದಿನ ಚಕ್ರದ ನಡುವಿನ ಹಬ್ ಒಳಗಿನ ಬ್ರೇಕು ಕಾದು, ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲವೂ ಬಿಚ್ಚಿ ಹೊಸ ಗ್ರೀಸು ತುಂಬಬೇಕಿತ್ತು. 1977ರಲ್ಲಿ ಜೋ ಬ್ರೀಝ್ ಈ ದಾರಿಗೆಂದೇ ಹೊಸ ಫ್ರೇಮ್ ಕಟ್ಟಿದರು. 1979ರಲ್ಲಿ ಟಾಮ್ ರಿಚಿ ಕಟ್ಟಿದ ಫ್ರೇಮುಗಳ ಸೈಕಲ್ಲನ್ನು ಗ್ಯಾರಿ ಫಿಶರ್ ಮತ್ತು ಚಾರ್ಲಿ ಕೆಲ್ಲಿ ಮಾರತೊಡಗಿದರು. 1981ರಲ್ಲಿ ಸ್ಪೆಷಲೈಝ್ಡ್ ಕಂಪನಿ ಜಪಾನಿನಲ್ಲಿ ಮಾಡಿಸಿದ ಸ್ಟಂಪ್‌ಜಂಪರ್ ಬಂತು. ಅಲ್ಲಿಂದ ಮುಂದೆ ಜಪಾನು, ತೈವಾನಿನ ಕಾರ್ಖಾನೆಗಳು ಇಂಥ ಸೈಕಲ್ಲುಗಳನ್ನು ರಾಶಿ ರಾಶಿಯಾಗಿ ಮಾಡಿದವು.

ಕಲ್ಲು, ಗುಂಡಿ, ಕೆಸರಿಗೆ ಅಂತ ಅವರು ಮಾಡಿಕೊಂಡ ಏರ್ಪಾಡುಗಳೇ ಆಫೀಸಿನ ದಾರಿಗೂ ಬೇಕಾದವು. ಫ್ರೇಮಿಗೂ ಟೈರಿಗೂ ನಡುವೆ ಧಾರಾಳ ಜಾಗ ಇರುತ್ತದೆ. ಎರಡು ಇಂಚಿನ ಟೈರು ತೆಗೆದು ಒಂದೂವರೆ ಇಂಚಿನದು ಹಾಕಿದರೆ ಉಳಿದ ಜಾಗದಲ್ಲಿ ಮಡ್‌ಗಾರ್ಡು ನಿರಾಯಾಸವಾಗಿ ಕೂರುತ್ತದೆ. ಅದೇ ಕಾಲದ ರೋಡ್ ಬೈಕಿನಲ್ಲಿ ಇದು ಸಾಮಾನ್ಯವಾಗಿ ಆಗದ ಕೆಲಸ. ಚಿಕ್ಕ ಗೇರುಗಳಿರುವುದರಿಂದ ಲ್ಯಾಪ್‌ಟಾಪು, ಊಟದ ಡಬ್ಬಿ, ದಾರಿಯಲ್ಲಿ ಕೊಂಡ ಅಕ್ಕಿ ಚೀಲ ಹೊತ್ತುಕೊಂಡೇ ಮೇಲ್ಸೇತುವೆ ಹತ್ತಬಹುದು. ಆಗ ಜನ ಇವುಗಳಲ್ಲೇ ಸಾಮಾನು ಕಟ್ಟಿಕೊಂಡು ದೂರ ಪ್ರವಾಸವನ್ನೂ ಮಾಡುತ್ತಿದ್ದರು. ಅದಕ್ಕೇ ಹೆಚ್ಚಿನ ಫ್ರೇಮುಗಳಲ್ಲಿ ಕ್ಯಾರಿಯರ್ ಬಿಗಿಯಲು ತೂತುಗಳಿವೆ.

ಇಷ್ಟು ವರ್ಷದ್ದರಲ್ಲೂ ಎರಡು ಬಗೆ ಇದೆ. 80ರ ದಶಕದ ನಡುವಿನವು ಉದ್ದ. ಹಿಂದಿನ ಚಕ್ರ ಹಿಂದಕ್ಕೆ ಇರುತ್ತದೆ, ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕು ಜಾಸ್ತಿ ವಾಲಿರುತ್ತದೆ. ಕ್ಯಾರಿಯರಿನ ಬ್ಯಾಗಿಗೆ ಹಿಮ್ಮಡಿ ತಾಗುವುದಿಲ್ಲ, ಒಂದು ಕೈ ಬಿಟ್ಟು ಸಿಗ್ನಲ್ ತೋರಿಸಿದರೂ ಹ್ಯಾಂಡಲ್ ನೇರ ಇರುತ್ತದೆ. 80ರ ದಶಕದ ಕೊನೆಯಿಂದ ರೇಸಿನ ಗಾಳಿ ಬೀಸಿತು. ಹಿಂದಿನ ಭಾಗ ಗಿಡ್ಡವಾಯಿತು, ಕೂತವರು ಮುಂದಕ್ಕೆ ಬಾಗುವಂತಾಯಿತು. ಇವು ಚುರುಕು. ದಿನದ ಓಡಾಟಕ್ಕೆ ನನಗೆ ಮೊದಲಿನ ಬಗೆಯೇ ಇಷ್ಟ. ಆದರೆ ಎರಡನೆಯದು ನಿಮ್ಮ ಅಳತೆಗೆ ಸರಿಯಾಗಿ ಸಿಕ್ಕರೆ ಬಿಡಬೇಡಿ.

90ರ ದಶಕದ ಸಸ್ಪೆನ್ಷನ್ ಫೋರ್ಕು ಬೇಡ ಅನ್ನಲು ಕಾರಣ ಇದೆ. ಅವುಗಳಲ್ಲಿ ಬಹಳಷ್ಟರ ಒಳಗೆ ಎಲಾಸ್ಟೊಮರ್ ಅನ್ನುವ ರಬ್ಬರಿನಂಥ ತುಂಡುಗಳಿವೆ. ಇಷ್ಟು ವರ್ಷಕ್ಕೆ ಅವು ಕಲ್ಲಾಗಿರುತ್ತವೆ ಅಥವಾ ಪುಡಿಯಾಗಿರುತ್ತವೆ. ಬಿಡಿಭಾಗ ಸಿಗುವುದು ಕಷ್ಟ. ತೆಗೆದು ಮಾಮೂಲಿ ಫೋರ್ಕು ಹಾಕಬಹುದು. ಆದರೆ ಅದೇ ಎತ್ತರದ್ದು ಬೇಕು, ಇಲ್ಲವಾದರೆ ಮುಂಭಾಗ ಕುಸಿದು ಸೈಕಲ್ಲಿನ ನಡವಳಿಕೆಯೇ ಬದಲಾಗುತ್ತದೆ. ಅಷ್ಟು ತಾಪತ್ರಯ ಯಾಕೆ, ಅಲ್ವಾ?

ದುಡ್ಡು ಕೊಡುವ ಮೊದಲು

ಮೊದಲು ಅಳತೆ. ಫ್ರೇಮಿನ ಮೇಲಿನ ಪೈಪಿನ ಆಚೀಚೆ ಕಾಲು ಹಾಕಿ ನಿಲ್ಲಿ. ಗುಡ್ಡದ ಸವಾರಿಗಾದರೆ ಪೈಪಿಗೂ ನಿಮಗೂ ನಡುವೆ ಮೂರು ನಾಲ್ಕು ಇಂಚು ಜಾಗ ಬೇಕು. ಆಫೀಸಿನ ಓಡಾಟಕ್ಕೆ ಒಂದೆರಡು ಇಂಚು ಸಾಕು. ಫ್ರೇಮು ಸ್ವಲ್ಪ ದೊಡ್ಡದಾದಷ್ಟೂ ಹ್ಯಾಂಡಲ್ ಎತ್ತರಕ್ಕೆ ಬರುತ್ತದೆ. ಬೆನ್ನು, ಕತ್ತಿಗೆ ಆರಾಮ. ಗಿಡ್ಡ ಫ್ರೇಮು ಕೊಂಡು ಸೀಟನ್ನು ಮೇಲೆ ಮೇಲೆ ಎಳೆದವರು ಕೊನೆಗೆ ಮೂಗು ಟೈರಿಗೆ ತಾಗುವ ಹಾಗೆ ಬಾಗಿ ಓಡಿಸುತ್ತಾರೆ. ಎಷ್ಟೇ ಸೋವಿಯಾಗಿ ಸಿಕ್ಕರೂ ಅಳತೆ ಆಗದ ಸೈಕಲ್ಲು ಬೇಡ.

ಆಮೇಲೆ ಸೀಟ್ ಪೈಪು. ಇದನ್ನು ಮರೆಯಲೇಬೇಡಿ. ಉಕ್ಕಿನ ಫ್ರೇಮಿನೊಳಗೆ ಅಲ್ಯೂಮಿನಿಯಂ ಪೈಪು ಗ್ರೀಸಿಲ್ಲದೆ ವರ್ಷಗಟ್ಟಲೆ ಕೂತರೆ ಎರಡೂ ಲೋಹಗಳ ನಡುವೆ ತೇವ ಸೇರಿ ತುಕ್ಕು ಬೆಳೆಯುತ್ತದೆ. ಪೈಪು ಬೆಸುಗೆ ಹಾಕಿದ ಹಾಗೆ ಕಚ್ಚಿಕೊಳ್ಳುತ್ತದೆ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ದಿನಗಟ್ಟಲೆ ಕಾದರೂ ಕೆಲವು ಬರುವುದಿಲ್ಲ. ಕೊನೆಗೆ ಒಳಗಿಂದ ಹ್ಯಾಕ್‌ಸಾ ಬ್ಲೇಡಿನಲ್ಲಿ ಕೊಯ್ಯಬೇಕಾಗುತ್ತದೆ. ಮಾರುವವರ ಮುಂದೆಯೇ ಬೋಲ್ಟ್ ಸಡಿಲಿಸಿ, ಸೀಟು ತಿರುಗುತ್ತದಾ, ಮೇಲೆ ಕೆಳಗೆ ಆಗುತ್ತದಾ ನೋಡಿ. ಹ್ಯಾಂಡಲ್ಲನ್ನು ಹಿಡಿದಿರುವ ಸ್ಟೆಮ್ಮಿಗೂ ಇದೇ ಪರೀಕ್ಷೆ. ಅದರ ಮೇಲಿನ ಬೋಲ್ಟನ್ನು ಎರಡು ಸುತ್ತು ಸಡಿಲಿಸಿ, ತಲೆಯ ಮೇಲೆ ಮರದ ಸುತ್ತಿಗೆಯಿಂದ ಒಂದೇಟು ಕೊಟ್ಟರೆ ಒಳಗಿನ ಬೆಣೆ ಬಿಡಬೇಕು.

ಫ್ರೇಮಿನಲ್ಲಿ ನೋಡಬೇಕಾದ ಜಾಗಗಳು ಕೆಲವೇ. ಹ್ಯಾಂಡಲ್ ಕೆಳಗೆ ಪೈಪುಗಳು ಸೇರುವ ಕಡೆ, ಕೆಳಗಿನ ಪೈಪಿನ ಅಡಿಯಲ್ಲಿ ಬೆರಳಾಡಿಸಿ. ಅಲೆಯ ಹಾಗೆ ಉಬ್ಬು ತಗ್ಗು ಸಿಕ್ಕರೆ ಸೈಕಲ್ಲು ಎದುರಿಗೆ ಗುದ್ದಿದೆ ಅಂತಲೇ ಅರ್ಥ. ಸುಮ್ನೆ ವಾಪಸ್ ಬನ್ನಿ. ಪೆಡಲ್ ಆಕ್ಸಲ್, ಅಂದರೆ ಎರಡೂ ಪೆಡಲಿನ ತೋಳುಗಳು ಸೇರುವ ಅಚ್ಚಿನ ಸುತ್ತ ಮತ್ತು ಹಿಂದಿನ ಚಕ್ರ ಕೂರುವ ಕಡೆ ಬಣ್ಣದಲ್ಲಿ ಕೂದಲೆಳೆಯಂಥ ಬಿರುಕು, ಅದರಿಂದ ಒಸರಿದ ತುಕ್ಕಿನ ಗೆರೆ ಇದೆಯಾ ನೋಡಿ. ಮೇಲ್ಮೈ ತುಕ್ಕಿಗೆ ಹೆದರಬೇಕಿಲ್ಲ. ಬಿರುಕಿಗೆ ಹೆದರಬೇಕು.

ಚಕ್ರ ತಿರುಗಿಸಿ ನೋಡಿ. ಸ್ವಲ್ಪ ಬೆಂಡು ಇದ್ದರೆ ಕಡ್ಡಿ ಬಿಗಿ ಮಾಡಿ ತೆಗೆಯಬಹುದು. ರಿಮ್ಮಿನ ಪಕ್ಕಕ್ಕೆ ಬೆರಳು ಇಟ್ಟಾಗ ಒಳಗೆ ಕುಳಿ ಬಿದ್ದಂತೆ ಅನ್ನಿಸಿದರೆ ಬ್ರೇಕು ಅದನ್ನು ತಿಂದು ತೆಳ್ಳಗೆ ಮಾಡಿದೆ. ಅಂಥ ರಿಮ್ಮು ಒಂದು ದಿನ ಗಾಳಿಯ ಒತ್ತಡಕ್ಕೇ ಸೀಳುತ್ತದೆ. ಹೊಸ ಚಕ್ರದ ಖರ್ಚನ್ನು ಬೆಲೆಯಲ್ಲಿ ಕಳೆದು ಮಾತಾಡಿ.

ವರ್ಷ ಗೊತ್ತಾಗದಿದ್ದರೆ ಒಂದು ದಾರಿ ಇದೆ. ಗೇರು, ಬ್ರೇಕು ಮಾಡುವ ಶಿಮಾನೋ ಕಂಪನಿಯ ಭಾಗಗಳ ಹಿಂಬದಿಯಲ್ಲಿ ಎರಡು ಇಂಗ್ಲಿಷ್ ಅಕ್ಷರ ಒತ್ತಿರುತ್ತಾರೆ. ಪೆಡಲ್ ಕ್ರ್ಯಾಂಕಿನ, ಅಂದರೆ ಪೆಡಲ್ ಹಿಡಿದಿರುವ ತೋಳಿನ, ಒಳಮುಖದಲ್ಲಿ ಹುಡುಕಿ. ಮೊದಲ ಅಕ್ಷರ ವರ್ಷ: ಎ ಅಂದರೆ 1976, ಅಲ್ಲಿಂದ ಎಣಿಸಿದರೆ ಎನ್ ಅಂದರೆ 1989, ಆರ್ ಅಂದರೆ 1993. ಎರಡನೆಯದು ತಿಂಗಳು: ಎ ಜನವರಿ, ಎಲ್ ಡಿಸೆಂಬರ್. ಭಾಗ ಬದಲಾಗಿಲ್ಲದಿದ್ದರೆ ಸೈಕಲ್ಲಿನ ವಯಸ್ಸು ಹೆಚ್ಚುಕಮ್ಮಿ ಅದೇ. ಪೆಡಲ್ ಆಕ್ಸಲ್ ಕೆಳಗೆ ಸಾಮಾನ್ಯವಾಗಿ ಫ್ರೇಮಿನ ಸೀರಿಯಲ್ ನಂಬರ್ ಇರುತ್ತದೆ. ಅದನ್ನು ಉಜ್ಜಿ ಅಳಿಸಿದ್ದರೆ ಕದ್ದ ಮಾಲು ಅಂತ ತಿಳಿದು ಅಲ್ಲಿಂದ ಹೊರಡಿ.

ಹೆಸರಿಗೆ ಜಾಸ್ತಿ ದುಡ್ಡು ಕೊಡಬೇಡಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಬ್ರಿಡ್ಜ್‌ಸ್ಟೋನ್ ಎಂಬಿ-1 ಒಳ್ಳೆಯ ಸೈಕಲ್ಲು, ಒಪ್ಪುತ್ತೇನೆ. ಆದರೆ ಈಗ ಅದನ್ನು ಸಂಗ್ರಹ ಮಾಡುವವರಿದ್ದಾರೆ, ಬೆಲೆ ಅವರ ಲೆಕ್ಕದಲ್ಲಿ ನಡೆಯುತ್ತದೆ. ಆಫೀಸಿನ ಮುಂದೆ ಕಟ್ಟಿಹಾಕುವ ಸೈಕಲ್ಲಿಗೆ ಟ್ರೆಕ್, ಯುನಿವೇಗಾ, ಡೈಮಂಡ್‌ಬ್ಯಾಕ್, ಸ್ಪೆಷಲೈಝ್ಡ್ ರಾಕ್‌ಹಾಪರ್ ಧಾರಾಳ ಸಾಕು. ಫ್ರೇಮಿನ ಮೇಲೆ ಕ್ರೋಮೋಲಿ ಎಂಬ ಸ್ಟಿಕ್ಕರ್ ಇದೆಯಾ ನೋಡಿ. ಅದು ಒಂದು ಬಗೆಯ ಗಟ್ಟಿ ಉಕ್ಕು. ಮೂರೂ ಮುಖ್ಯ ಪೈಪು ಅದೇ ಉಕ್ಕಿನದಾಗಿದ್ದರೆ ಒಳ್ಳೇ ಫ್ರೇಮು.

ಮೊದಲ ದುಡ್ಡು ಟೈರಿಗೆ, ಬ್ರೇಕಿಗೆ

ಹಳೇ ಮೌಂಟನ್ ಬೈಕು ಭಾರ, ನಿಧಾನ ಅಂತ ಜನ ಅನ್ನುತ್ತಾರೆ. ಬಹುಪಾಲು ಆ ತಪ್ಪು ಟೈರಿನದು. ಮುಳ್ಳುಮುಳ್ಳಾದ ಗುಡ್ಡದ ಟೈರು ಟಾರಿನ ಮೇಲೆ ಗುಂಯ್‌ಗುಡುತ್ತಾ ನಿಮ್ಮ ಶಕ್ತಿಯನ್ನು ತಿನ್ನುತ್ತದೆ. ಅದನ್ನು ತೆಗೆದು ನುಣುಪಾದ, ಒಂದೂವರೆಯಿಂದ ಎರಡು ಇಂಚು ಅಗಲದ ಟೈರು ಹಾಕಿ. ಅದೇ ಸೈಕಲ್ಲಾ ಇದು ಅನ್ನಿಸುತ್ತದೆ. ಇದಕ್ಕಿಂತ ದೊಡ್ಡ ಸುಧಾರಣೆ ಇನ್ನೊಂದಿಲ್ಲ.

ಕೊಳ್ಳುವಾಗ 26 ಇಂಚು ಅಂತ ಕೇಳಿದರೆ ಸಾಲದು. 26 ಇಂಚು ಅನ್ನುವ ಹೆಸರಿನಲ್ಲಿ ಬೇರೆ ಬೇರೆ ಅಳತೆಯ ಟೈರುಗಳಿವೆ, ಒಂದರ ರಿಮ್ಮಿಗೆ ಇನ್ನೊಂದು ಕೂರುವುದಿಲ್ಲ. ಟೈರಿನ ಪಕ್ಕದಲ್ಲಿ 559 ಅನ್ನುವ ಅಂಕಿ ಇರಬೇಕು. ಅದು ಮಿಲಿಮೀಟರಿನಲ್ಲಿ ರಿಮ್ಮಿನ ವ್ಯಾಸ. 590 ಅಂತ ಇದ್ದರೆ ಅದು ಬೇರೆ ಸೈಕಲ್ಲಿನದು.

ಬೇ ಏರಿಯಾದ ದಕ್ಷಿಣಕ್ಕಿರುವ ಸೌತ್ ಬೇನಲ್ಲಿ ಓಡಾಡುವವರಿಗೆ ಒಂದು ಮಾತು. ಇಲ್ಲಿನ ಸೈಕಲ್ ದಾರಿಗಳ (ಟ್ರೇಲು) ಅಂಚಿನಲ್ಲಿ ಬೇಸಿಗೆಯ ಕೊನೆಗೆ ಬೀಳುವ ಮುಳ್ಳು ನಮ್ಮೂರ ಹೊಲಗಳ ನೆಗ್ಗಿಲು ಮುಳ್ಳೇ. ಗಿಡ ಅದೇ, ಕಾಟವೂ ಅದೇ. ಆ ದಾರಿಯಲ್ಲಿ ದಿನಾ ಹೋಗುವುದಾದರೆ ಒಳಗೆ ಪಂಚರ್ ತಡೆಯುವ ಪಟ್ಟಿ ಇರುವ ಟೈರು ಕೊಳ್ಳಿ. ಸ್ವಲ್ಪ ಭಾರವಾದರೂ ಪರವಾಗಿಲ್ಲ. ಗಾಳಿಯನ್ನು ಕಲ್ಲಿನಂತೆ ತುಂಬಬೇಡಿ. ಒಂದೂಮುಕ್ಕಾಲು ಇಂಚಿನ ಟೈರಿಗೆ, ಸವಾರರ ತೂಕ ನೋಡಿ, 45ರಿಂದ 60 ಪಿಎಸ್‌ಐ ಸಾಕು. ಮುಂದಿನದಕ್ಕೆ ಸ್ವಲ್ಪ ಕಡಿಮೆ. ಸಸ್ಪೆನ್ಷನ್ ಇಲ್ಲದ ಸೈಕಲ್ಲಿನಲ್ಲಿ ಆ ಕೆಲಸ ಮಾಡುವುದು ಟೈರಿನೊಳಗಿನ ಗಾಳಿ.

ಇನ್ನು ಬ್ರೇಕು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಈಗಿನ ಹುಡುಗರು ಬಹಳ ಜನ ಇದನ್ನು ಕಂಡೇ ಇಲ್ಲ.

ಆ ಕಾಲದ ಹೆಚ್ಚಿನ ಸೈಕಲ್ಲುಗಳಲ್ಲಿ ಇರುವುದು ಕ್ಯಾಂಟಿಲಿವರ್ ಬ್ರೇಕು. ರಿಮ್ಮಿನ ಆಚೆ ಒಂದು ತೋಳು, ಈಚೆ ಒಂದು ತೋಳು. ಎರಡನ್ನೂ ಸೇರಿಸುವ ಗಿಡ್ಡ ಅಡ್ಡ ಕೇಬಲ್ ಟೈರಿನ ಮೇಲಿಂದ ಹಾಯುತ್ತದೆ. ಲಿವರಿನಿಂದ ಬಂದ ಮುಖ್ಯ ಕೇಬಲ್ ಅದರ ನಡುಮಧ್ಯವನ್ನು ಹಿಡಿದು ಮೇಲಕ್ಕೆ ಎಳೆಯುತ್ತದೆ. ಹಿಡಿತದ ಗುಟ್ಟು ಈ ಅಡ್ಡ ಕೇಬಲ್ಲಿನಲ್ಲಿದೆ. ಅದು ತಗ್ಗಾಗಿ, ಚಪ್ಪಟೆಯಾಗಿ ಇದ್ದಷ್ಟೂ ಬೆರಳಿನ ಒತ್ತಡ ಹೆಚ್ಚು ಬಲವಾಗಿ ರಿಮ್ಮಿಗೆ ತಲುಪುತ್ತದೆ. ಎತ್ತರವಾಗಿ ಗೋಪುರದಂತೆ ನಿಂತಿದ್ದರೆ ಲಿವರು ಗಟ್ಟಿಯಾಗಿ ಅನ್ನಿಸುತ್ತದೆ, ಸೈಕಲ್ಲು ಮಾತ್ರ ನಿಲ್ಲುವುದಿಲ್ಲ. ಗಟ್ಟಿ ಲಿವರು ಅಂದರೆ ಒಳ್ಳೇ ಬ್ರೇಕು ಅಂತ ತಿಳಿದವರು ಇಲ್ಲೇ ಮೋಸಹೋಗುತ್ತಾರೆ. ಹಾಗಂತ ತೀರಾ ತಗ್ಗಿಸಿದರೆ ಲಿವರು ಹ್ಯಾಂಡಲ್ಲಿಗೆ ತಾಗುವವರೆಗೂ ಬರುತ್ತದೆ. ಮಡ್‌ಗಾರ್ಡಿಗೂ ಜಾಗ ಬಿಡಬೇಕಲ್ಲ. ಅದರ ಮೇಲೆ ಒಂದಿಷ್ಟು ಬಿಟ್ಟು ಎಷ್ಟು ತಗ್ಗಿಸಬಹುದೋ ಅಷ್ಟು ತಗ್ಗಿಸಿ.

ಬ್ರೇಕ್ ರಬ್ಬರು ಮೂವತ್ತು ವರ್ಷದ್ದಾದರೆ ನೋಡಲು ಚೆನ್ನಾಗಿದ್ದರೂ ಪ್ಲಾಸ್ಟಿಕ್ಕಿನಷ್ಟು ಗಟ್ಟಿಯಾಗಿರುತ್ತದೆ. ಯೋಚನೆ ಮಾಡದೆ ಬದಲಾಯಿಸಿ. ಹೊಸದನ್ನು ಬಿಗಿಯುವಾಗ ಅದರ ಮುಂದಿನ ತುದಿ ರಿಮ್ಮಿಗೆ ಒಂದು ಮಿಲಿಮೀಟರ್ ಮೊದಲು ತಾಗಬೇಕು. ಆಗ ಕಿರುಚುವುದಿಲ್ಲ. ಮೇಲೆ ಟೈರಿಗೆ ಉಜ್ಜಬಾರದು, ಕೆಳಗೆ ರಿಮ್ಮಿನಿಂದ ಜಾರಬಾರದು. ಎಲ್ಲಾ ಕೇಬಲ್ಲು, ಹೊರಕವಚ ಹೊಸದು ಹಾಕಿ. ಗೇರಿನ ಕವಚವನ್ನು ಬ್ರೇಕಿಗೆ ಯಾವತ್ತೂ ಹಾಕಬೇಡಿ. ಅದರೊಳಗಿನ ತಂತಿಗಳು ಉದ್ದುದ್ದ ಇರುತ್ತವೆ, ಬ್ರೇಕಿನ ಎಳೆತಕ್ಕೆ ಸೀಳಿಹೋಗಬಹುದು. ಬ್ರೇಕಿನ ಕವಚದಲ್ಲಿ ತಂತಿ ಸುರುಳಿ ಸುತ್ತಿರುತ್ತದೆ.

ಇನ್ನೊಂದು ಅಪಾಯ. ಮುಂದಿನ ಬ್ರೇಕಿನ ಮುಖ್ಯ ಕೇಬಲ್ ತುಂಡಾದರೆ ಅಡ್ಡ ಕೇಬಲ್ ಟೈರಿನ ಮೇಲೆ ಬೀಳುತ್ತದೆ. ಮುಳ್ಳು ಟೈರಾದರೆ ಅದಕ್ಕೆ ಸಿಕ್ಕಿ ಚಕ್ರ ಗಕ್ಕನೆ ನಿಂತು ಸವಾರರು ಮುಂದಕ್ಕೆ ಹಾರುತ್ತಾರೆ. ಮಡ್‌ಗಾರ್ಡು ಇದ್ದರೆ ಕೇಬಲ್ಲು ಅದರ ಮೇಲೆ ನಿಲ್ಲುತ್ತದೆ. ಮಡ್‌ಗಾರ್ಡು ಬೇಡ ಅನ್ನುವವರು ಮುಂದಿನ ರಿಫ್ಲೆಕ್ಟರಿನ ಕೊಂಡಿಯನ್ನಾದರೂ ತೆಗೆಯಬೇಡಿ. ಕೇಬಲ್ಲನ್ನು ತಡೆಯುವುದು ಅದೇ.

1996ರ ಹೊತ್ತಿಗೆ ಬಂದ ವಿ-ಬ್ರೇಕನ್ನು ಹಾಕಬಹುದಾ? ಕ್ಯಾಂಟಿಲಿವರ್ ಕೂರುವ ಗೂಟಗಳಿಗೇ ಅದೂ ಸಾಮಾನ್ಯವಾಗಿ ಕೂರುತ್ತದೆ. ಆದರೆ ಅದಕ್ಕೆ ಕೇಬಲ್ಲನ್ನು ಸುಮಾರು ಎರಡರಷ್ಟು ಎಳೆಯುವ ಲಿವರು ಬೇಕು. ಹಳೇ ಲಿವರನ್ನೇ ಇಟ್ಟರೆ ಅಪಾಯ. ಎರಡನ್ನೂ ಜೊತೆಗೇ ಬದಲಾಯಿಸಿ. 1986ರಿಂದ 88ರ ಸುಮಾರಿನ ಕೆಲವು ಸೈಕಲ್ಲುಗಳಲ್ಲಿ ಹಿಂದಿನ ಬ್ರೇಕು ಪೆಡಲ್ ಹಿಂಭಾಗದಲ್ಲಿ, ಫ್ರೇಮಿನ ಅಡಿಯಲ್ಲಿ ಇರುತ್ತದೆ. ಅದು ಯು-ಬ್ರೇಕು. ಅದರ ಗೂಟಗಳೇ ಬೇರೆ ಜಾಗದಲ್ಲಿರುವುದರಿಂದ ಕ್ಯಾಂಟಿಲಿವರ್ ಆಗಲಿ ವಿ-ಬ್ರೇಕಾಗಲಿ ಹಾಕಲು ಬರುವುದಿಲ್ಲ. ಕೆಲಸ ಚೆನ್ನಾಗಿಯೇ ಮಾಡುತ್ತದೆ, ಕೆಸರು ತೊಳೆಯುತ್ತಿರಬೇಕು ಅಷ್ಟೆ.

ಹ್ಯಾಂಡಲ್, ಗೇರು

90ರ ದಶಕದ ಸೈಕಲ್ಲುಗಳಲ್ಲಿ ಸ್ಟೆಮ್ ಉದ್ದ, ಹ್ಯಾಂಡಲ್ ನೇರ ಮತ್ತು ಗಿಡ್ಡ. ಟ್ರಾಫಿಕ್ಕಿನಲ್ಲಿ ತಲೆ ಎತ್ತಿ ನೋಡಲು ಇದು ಒಳ್ಳೆಯದಲ್ಲ. ಹಿಂದಕ್ಕೆ ಬಾಗಿದ ಹ್ಯಾಂಡಲ್ ಹಾಕಿದರೆ ಹಳೇ ಬ್ರೇಕ್ ಲಿವರು, ಗೇರ್ ಲಿವರು ಅದಕ್ಕೇ ಕೂರುತ್ತವೆ, ಬೆನ್ನು ನೆಟ್ಟಗಾಗುತ್ತದೆ. ಸ್ಟೆಮ್ಮನ್ನು ಮೇಲೆತ್ತುವಾಗ ಅದರ ಮೇಲೆ ಕೊರೆದ ಕೊನೇ ಗೆರೆ ದಾಟಬಾರದು. ರೋಡ್ ಬೈಕಿನಂತೆ ಕೆಳಗೆ ಬಾಗಿದ ಹ್ಯಾಂಡಲ್ ಹಾಕುವ ಆಸೆ ಕೆಲವರಿಗಿದೆ. ಫ್ರೇಮು ಮೊದಲೇ ಉದ್ದ, ಅದು ಇನ್ನೂ ಮುಂದಕ್ಕೆ ಎಳೆಯುತ್ತದೆ. ಲಿವರುಗಳೂ ಹೊಸದು ಬೇಕು. ದುಡ್ಡು ದಂಡ. ಅಲ್ಯೂಮಿನಿಯಂ ಹ್ಯಾಂಡಲ್ ಹೇಗೆ ಬಳಕೆಯಾಗಿದೆಯೋ ಗೊತ್ತಿಲ್ಲದಿದ್ದರೆ ಹೊಸದು ಹಾಕುವುದೇ ಕ್ಷೇಮ. ಅದು ಉಕ್ಕಿನ ಹಾಗೆ ಬಾಗಿ ಎಚ್ಚರಿಸುವುದಿಲ್ಲ, ಒಮ್ಮೆಗೇ ಮುರಿಯುತ್ತದೆ.

ಗೇರಿನ ಬಗ್ಗೆ ಚಿಂತೆ ಬೇಡ. ಮುಂದೆ 46, 36, 26 ಹಲ್ಲಿನ ಮೂರು ಚಕ್ರ ಇದ್ದರೆ ಆಫೀಸಿನ ಓಡಾಟಕ್ಕೆ ಅದಕ್ಕಿಂತ ಒಳ್ಳೆಯದು ಬೇಡ. 46ಕ್ಕೆ ಹಿಂದೆ 13 ಹಲ್ಲು ಹಾಕಿ ನಿಮಿಷಕ್ಕೆ 80 ಸಲ ತುಳಿದರೆ ಗಂಟೆಗೆ ಸುಮಾರು 34 ಕಿಲೋಮೀಟರ್ ವೇಗ. ಹ್ಯಾಂಡಲ್ ಮೇಲೆ ಕೂರುವ ಹಳೇ ಹೆಬ್ಬೆರಳಿನ ಗೇರ್ ಲಿವರು ಸಿಕ್ಕರೆ ಪುಣ್ಯ. ಅದು ಕೆಡುವುದು ಅಪರೂಪ. 90ರ ದಶಕದ ರ‍್ಯಾಪಿಡ್‌ಫೈರ್ ಎಂಬ ಗೇರ್ ಲಿವರನ್ನು ಒತ್ತಿದರೆ ಟಿಕ್ ಅನ್ನದೆ ಸುಮ್ಮನಿದ್ದರೆ ಹಾಳಾಗಿದೆ ಅಂತ ಎಸೆಯಬೇಡಿ. ಬಹಳ ಸಲ ಒಳಗಿನ ಗ್ರೀಸು ಅಂಟಾಗಿರುತ್ತದೆ ಅಷ್ಟೆ. ಡಬ್ಲ್ಯೂಡಿ-40 ಸ್ಪ್ರೇ ಚೆನ್ನಾಗಿ ಹೊಡೆದು, ಒತ್ತಿ ಒತ್ತಿ ಬಿಟ್ಟು, ಆಮೇಲೆ ತೆಳು ಎಣ್ಣೆ ಬಿಡಿ. ಚೈನಿನ 12 ಇಂಚಿನ ಉದ್ದ ಹದಿನಾರನೇ ಒಂದು ಇಂಚು ಹಿಗ್ಗಿದ್ದರೆ ಚೈನು ಬದಲಾಯಿಸಿ. ಎಂಟನೇ ಒಂದು ಇಂಚು ಹಿಗ್ಗಿದ್ದರೆ ಹಿಂದಿನ ಹಲ್ಲುಗಳೂ ಸವೆದಿರುತ್ತವೆ.

ದಿನದ ಓಡಾಟಕ್ಕೆ

ಕ್ಯಾರಿಯರ್ ಹಾಕಿ, ಬೆನ್ನಿನ ಬ್ಯಾಗಿನ ಭಾರವನ್ನು ಸೈಕಲ್ಲಿಗೆ ಕೊಡಿ. ಬೆನ್ನು ಬೆವರುವುದು ತಪ್ಪುತ್ತದೆ. ಇಲ್ಲಿ ಚಳಿಗಾಲದಲ್ಲಿ ಆಫೀಸು ಬಿಡುವ ಹೊತ್ತಿಗೆ ಕತ್ತಲೆ, ಮೇಲೆ ಮಳೆ. ಕ್ಯಾಲಿಫೋರ್ನಿಯಾ ಕಾನೂನಿನಂತೆ ಕತ್ತಲಲ್ಲಿ ಮುಂದೆ 300 ಅಡಿಯಿಂದ ಕಾಣುವ ಬಿಳಿ ದೀಪ ಇರಲೇಬೇಕು. ಹಿಂದೆ ಕೆಂಪು ರಿಫ್ಲೆಕ್ಟರ್ ಅಥವಾ ದೀಪ 500 ಅಡಿಯಿಂದ ಕಾಣಬೇಕು. ರಿಫ್ಲೆಕ್ಟರ್ ಒಂದನ್ನೇ ನಂಬದೆ ಹಿಂದೆಯೂ ದೀಪ ಹಾಕಿ ಅಂತ ಕೇಳಿಕೊಳ್ಳುತ್ತೇನೆ. ಇಲ್ಲಿನ ಲೋಕಲ್ ರೈಲು ಕ್ಯಾಲ್‌ಟ್ರೇನಿನಲ್ಲಿ ಹೋಗುವವರು ಸೈಕಲ್ಲಿಗೆ ಸೈಕಲ್ಲು ಒರಗಿಸಿ ಕಟ್ಟಬೇಕಾಗುತ್ತದೆ. ತೀರಾ ಅಗಲದ ಹ್ಯಾಂಡಲ್, ಎರಡೂ ಕಡೆ ಉಬ್ಬಿದ ಬ್ಯಾಗು ಇದ್ದರೆ ಪಕ್ಕದವರಿಗೆ ತೊಂದರೆ. ಬ್ಯಾಗು ಬಿಚ್ಚಿ ಕೈಯಲ್ಲಿ ಹಿಡಿದುಕೊಳ್ಳಿ. ಚಕ್ರ, ಸೀಟಿಗೆ ಕೈಯಲ್ಲೇ ಬಿಚ್ಚುವ ಲಿವರು ಇದ್ದರೆ ತೆಗೆದು ಬೋಲ್ಟು ಹಾಕಿ. ಫ್ರೇಮನ್ನು ಗಟ್ಟಿ ಯು-ಲಾಕಿನಿಂದ ಕಟ್ಟಿ.

ಮುಂದೆ ಬೆಂಗಳೂರಿಗೆ ವಾಪಸ್ ಹೋಗುವ ಯೋಚನೆ ಇರುವವರು ಇದನ್ನು ಜೊತೆಗೇ ಒಯ್ಯಬಹುದು. ನಮ್ಮಲ್ಲಿ ಮಾರುವ ಸಾಮಾನ್ಯ 26 ಇಂಚಿನ ಎಂಟಿಬಿ (ಮೌಂಟನ್ ಬೈಕ್) ಸೈಕಲ್ಲುಗಳ ರಿಮ್ಮೂ 559 ಅಳತೆಯದೇ. ಟೈರು, ಟ್ಯೂಬಿಗೆ ಪರದಾಡಬೇಕಿಲ್ಲ. ಅಲ್ಲಿನ ಗುಂಡಿ, ಹಂಪುಗಳಿಗೆ ದಪ್ಪ ಟೈರಿನ ಉಕ್ಕಿನ ಸೈಕಲ್ಲು ಹೇಳಿ ಮಾಡಿಸಿದ್ದು.

ಎಲ್ಲಾ ಜೋಡಿಸಿ ಓಡಿಸಲು ಶುರುಮಾಡಿದ ಮೇಲೆ ಮೊದಲ ಕೆಲವು ವಾರ ಸ್ಪ್ಯಾನರ್ ಹತ್ತಿರವೇ ಇರಲಿ. ಹೊಸ ಕೇಬಲ್ಲುಗಳು ಕೂತುಕೊಂಡು ಸಡಿಲವಾಗುತ್ತವೆ, ಲಿವರಿನ ತಿರುಪಿನಲ್ಲಿ ಬಿಗಿ ಮಾಡಿ. ಕ್ಯಾರಿಯರಿನ ಬೋಲ್ಟುಗಳನ್ನು ಮತ್ತೊಮ್ಮೆ ತಿರುಗಿಸಿ ನೋಡಿ. ಎಲ್ಲಕ್ಕಿಂತ ಮುಖ್ಯವಾಗಿ ಪೆಡಲ್ ಕ್ರ್ಯಾಂಕಿನ ಬೋಲ್ಟು. ತುಳಿಯುವಾಗ ಕಟಕ್ ಕಟಕ್ ಅಂತ ಕೇಳಿದರೆ ಅಲ್ಲೇ ಇಳಿದು ಬಿಗಿ ಮಾಡಿ. ಸಡಿಲ ಕ್ರ್ಯಾಂಕಿನಲ್ಲೇ ಮನೆಯವರೆಗೆ ತುಳಿದರೆ ಅದರ ಚೌಕ ತೂತು ಸವೆದು ದುಂಡಾಗುತ್ತದೆ. ಆಮೇಲೆ ಎಷ್ಟು ಬಿಗಿ ಮಾಡಿದರೂ ನಿಲ್ಲುವುದಿಲ್ಲ, ಹೊಸದೇ ಹಾಕಬೇಕು.